ಹಸುರು ದೀಪಗಳ ಸಾಲು

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಸೇರಿದ ಯಡಿಯೂರು, ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿಂದ ನಾಡಿನಲ್ಲೆಲ್ಲ ಪ್ರಸಿದ್ಧವಾದ ಕ್ಷೇತ್ರ. ಬೆಂಗಳೂರಿನಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿ ಈ ಊರಿನ ಮಗ್ಗುಲಲ್ಲಿಯೇ ಹಾದುಹೋಗುವುದು. ವಾಚಕರಲ್ಲಿ ಅನೇಕರು ಈ ದಾರಿಯಲ್ಲಿ ಪ್ರಯಾಣ ಮಾಡಿರಬಹುದು. ಬೆಳಗಿನ ಹೊತ್ತು ಯಡಿಯೂರಿನಲ್ಲಿ ಬಸ್ಸು ಹತ್ತಿದವನು ಕುಣಿಗಲ್ಲನ್ನು ದಾಟಿ ನೆಲಮಂಗಲವನ್ನು ಸೇರುವವರೆಗೆ ಕಾಲದ ಲೆಕ್ಕವನ್ನು ಸುಲಭವಾಗಿ ಹೇಳಬಲ್ಲನು. ಅಲ್ಲಿಂದ ಮುಂದೆ ರಾಜಧಾನಿಯ ಒಳಹೊಕ್ಕು, ಗೊರಗುಂಟೆಪಾಳ್ಯ, ಯಶವಂತಪುರಗಳ ಕಡೆಗೆ ಬಂದನೆಂದರೆ ಅವನ ಲೆಕ್ಕವೆಲ್ಲವೂ ತಲೆಕೆಳಗಾಗುವುದು. ಒಂದು ದಿನ ಹತ್ತು ನಿಮಿಷದಲ್ಲಿ ಕಳೆದ ದಾರಿ ಮರುದಿನ ಅರ್ಧ ಗಂಟೆಯನ್ನು ನುಂಗಿದರೂ ಆಶ್ಚರ್ಯವಿಲ್ಲ. ಬಸ್ಸಿನಲ್ಲಿ ಆಸ್ಪತ್ರೆಯ ಚೀಟಿ ಹಿಡಿದ ವೃದ್ಧರಿರುತ್ತಾರೆ. ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳಿರುತ್ತಾರೆ. ದಿನದ ಕೂಲಿಯನ್ನೇ ನಂಬಿದವರಿರುತ್ತಾರೆ. ಇವರಿಗೆಲ್ಲ ಆ ಕೊನೆಯ ಕೆಲವು ಕಿಲೋಮೀಟರುಗಳೇ ದಿನದ ಭವಿಷ್ಯವನ್ನು ನಿರ್ಧರಿಸುವುವು.

ಪ್ರಯಾಣಿಕರ ಬೇಸರಕ್ಕೆ ಗುರಿಯಾಗುವುದು ಸಾಮಾನ್ಯವಾಗಿ ಕೆಂಪು ದೀಪ. ಒಂದು ಸಿಗ್ನಲಿನಲ್ಲಿ ನಿಂತು, ಹಸುರು ಬಂದೊಡನೆ ಹೊರಟು, ಮುಂದಿನ ಸಿಗ್ನಲನ್ನು ಮುಟ್ಟುವಷ್ಟರಲ್ಲಿ ಅಲ್ಲಿಯೂ ಕೆಂಪು! "ಇವನ್ನೆಲ್ಲ ಒಟ್ಟಿಗೆ ಹೊಂದಿಸಲು ಯಾರಿಗೂ ಬುದ್ಧಿಯಿಲ್ಲವೆ?" ಎಂದು ಕೇಳುವವರುಂಟು. ಹೊಂದಿಸುವ ಬುದ್ಧಿಯೂ ಇದೆ, ಅದಕ್ಕಾಗಿ ರಚಿಸಿದ ಗಣಕಯಂತ್ರದ ತಂತ್ರಾಂಶಗಳೂ ಇವೆ. ಆದರೆ ಹೊಂದಿಕೆಯೆಂಬುದು ನಾವು ಎಣಿಸುವಷ್ಟು ಸರಳವಲ್ಲ. ಅದೇಕೆಂಬುದನ್ನು ಒಂದು ಹಾಳೆ, ಒಂದು ಪೆನ್ಸಿಲ್ಲುಗಳ ಸಹಾಯದಿಂದ ನಾವು ಈಗ ವಿಚಾರ ಮಾಡೋಣ.

ರೈಲ್ವೆಯಿಂದ ಬಂದ ನಕ್ಷೆ

ಯಡಿಯೂರಿಗೆ ಈಗ ರೈಲೂ ಬಂದಿದೆ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್, ಯಡಿಯೂರು, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ಹೋಗುವ ಮಾರ್ಗವು 2017ರಲ್ಲಿ ಒಂಟಿ ಹಳಿಯ ದಾರಿಯಾಗಿ ಪೂರ್ಣವಾಗಿ ತೆರೆಯಿತು. ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ಎರಡು ಗಾಡಿಗಳು ಯಾವುದಾದರೊಂದು ನಿಲ್ದಾಣದಲ್ಲಿಯೇ ಪರಸ್ಪರ ದಾಟಬೇಕು. ಯಾವ ಗಾಡಿ ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ರೈಲ್ವೆಯವರು ಹೇಗೆ ನಿಶ್ಚಯಿಸುತ್ತಾರೆ? ಅವರು ಒಂದು ನಕ್ಷೆಯನ್ನು ಬರೆಯುತ್ತಾರೆ. ಹಾಳೆಯ ಉದ್ದಕ್ಕೆ, ಎಡದಿಂದ ಬಲಕ್ಕೆ, ಕಾಲ. ಕೆಳಗಿನಿಂದ ಮೇಲಕ್ಕೆ ದೂರ. ಪ್ರತಿಯೊಂದು ನಿಲ್ದಾಣಕ್ಕೂ ಒಂದು ಅಡ್ಡಗೆರೆ. ಓಡುವ ಗಾಡಿ ಓರೆಗೆರೆಯಾಗಿ ಕಾಣುವುದು. ವೇಗ ಹೆಚ್ಚಿದಷ್ಟೂ ಗೆರೆ ಕಡಿದಾಗಿ ಏರುವುದು. ಗಾಡಿ ನಿಂತರೆ ದೂರ ಹೆಚ್ಚುವುದಿಲ್ಲ, ಕಾಲ ಮಾತ್ರ ಸರಿಯುವುದು. ಆದುದರಿಂದ ಗೆರೆ ಮಟ್ಟಸವಾಗುವುದು. ಎದುರಿನಿಂದ ಬರುವ ಗಾಡಿಯ ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುವುದು. ಎರಡು ಗೆರೆಗಳು ಕತ್ತರಿಸುವ ಜಾಗದಲ್ಲಿ ನಿಲ್ದಾಣವಿರಲೇಬೇಕು; ಇಲ್ಲದಿದ್ದರೆ ಅಪಘಾತ.

ಈ ಬಗೆಯ ನಕ್ಷೆ ಹಳೆಯದು. ಫ್ರಾನ್ಸಿನ ಶರೀರವಿಜ್ಞಾನಿ ಮಾರೇ ಎಂಬವರು 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ಯಾರಿಸ್ ಮತ್ತು ಲಿಯಾನ್ ನಗರಗಳ ನಡುವಣ ಗಾಡಿಗಳೆಲ್ಲವನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಚಿತ್ರವಿದೆ. ಅದನ್ನು ರಚಿಸಿದ ಕೀರ್ತಿ ಇಬ್ರಿ ಎಂಬ ಎಂಜಿನಿಯರಿಗೆ ಸಲ್ಲುವುದು. ರಸ್ತೆಯ ಸಿಗ್ನಲುಗಳನ್ನು ಹೊಂದಿಸುವವರು ಎರವಲು ಪಡೆದದ್ದು ಇದೇ ವಿಧಾನವನ್ನು. ನಿಲ್ದಾಣದ ಅಡ್ಡಗೆರೆಯ ಜಾಗದಲ್ಲಿ ಸಿಗ್ನಲಿನ ಅಡ್ಡಗೆರೆ. ಆ ಗೆರೆಯ ಮೇಲೆ ಕೆಂಪಿರುವಷ್ಟು ಕಾಲ ದಪ್ಪ ಪಟ್ಟೆ, ಹಸುರಿರುವಷ್ಟು ಕಾಲ ತೆರಪು. ವಾಹನದ ಓರೆಗೆರೆ ತೆರಪಿನಲ್ಲಿ ತೂರಿಹೋಗಬಲ್ಲದು. ದಪ್ಪ ಪಟ್ಟೆಯನ್ನು ಮಾತ್ರ ದಾಟಲಾರದು. ಇದಕ್ಕೆ ಕಾಲ-ದೂರ ನಕ್ಷೆಯೆಂದು ಹೆಸರಿಡೋಣ.

ರಸ್ತೆಯ ಸಂಕೇತದೀಪದ ಮೂಲವೂ ರೈಲ್ವೆಯೇ. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ನೆಟ್ಟ ಮೊದಲ ಗ್ಯಾಸ್‌ದೀಪದ ಸಂಕೇತವನ್ನು ರೂಪಿಸಿದವರು ನೈಟ್ ಎಂಬ ರೈಲ್ವೆ ಎಂಜಿನಿಯರು. ಅನಿಲ ಸೋರಿ ಅದು ಸಿಡಿದದ್ದರಿಂದ ಆ ಪ್ರಯೋಗ ಬೇಗನೆ ಮುಗಿಯಿತು. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವಿದ್ಯುತ್ ಸಂಕೇತ ಬಂದಿತು. 1917ರಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಆರು ಕೂಡುರಸ್ತೆಗಳ ದೀಪಗಳನ್ನು ತಂತಿಯಿಂದ ಜೋಡಿಸಿ ಒಂದೇ ಕಡೆಯಿಂದ ನಡೆಸಿದರು. ಅಂದಿನಿಂದ ದೀಪಗಳ ಹೊಂದಿಕೆಯ ಪ್ರಶ್ನೆ ಎಂಜಿನಿಯರುಗಳ ಬೆನ್ನು ಹತ್ತಿದೆ.

ನಾಲ್ಕು ಕೂಡುರಸ್ತೆಗಳ ಲೆಕ್ಕ

ಕಲ್ಪನೆಯ ರಸ್ತೆಯೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಅ, ಆ, ಇ, ಈ ಎಂಬ ನಾಲ್ಕು ಸಿಗ್ನಲುಗಳು. ಅ-ಯಿಂದ ಆ 300 ಮೀಟರು, ಇ 700 ಮೀಟರು, ಈ 1200 ಮೀಟರು ದೂರದಲ್ಲಿವೆ. ವಾಹನಗಳ ವೇಗ ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು. ಆದುದರಿಂದ ಅ-ಯನ್ನು ಬಿಟ್ಟ ವಾಹನ 30ನೆಯ ಸೆಕೆಂಡಿಗೆ ಆ-ಯನ್ನೂ, 70ನೆಯ ಸೆಕೆಂಡಿಗೆ ಇ-ಯನ್ನೂ, 120ನೆಯ ಸೆಕೆಂಡಿಗೆ ಈ-ಯನ್ನೂ ಸೇರುವುದು. ದೀಪವು ಹಸುರಾಗಿ, ಕೆಂಪಾಗಿ, ಮತ್ತೆ ಹಸುರಾಗಲು ಬೇಕಾಗುವ ಒಟ್ಟು ಕಾಲಕ್ಕೆ ಆವರ್ತವೆನ್ನೋಣ. ನಮ್ಮ ಆವರ್ತ 100 ಸೆಕೆಂಡು. ಅದರಲ್ಲಿ 50 ಸೆಕೆಂಡು ಮುಖ್ಯ ರಸ್ತೆಗೆ ಹಸುರು, ಉಳಿದ 50 ಅಡ್ಡರಸ್ತೆಗೆ. ಹಳದಿಯ ಕಾಲವನ್ನು ಸರಳತೆಗಾಗಿ ಬಿಟ್ಟಿದ್ದೇವೆ. ಎಲ್ಲ ಸಿಗ್ನಲುಗಳ ಆವರ್ತವೂ ಒಂದೇ ಆಗಿರಬೇಕೆಂಬುದು ಹೊಂದಿಕೆಯ ಮೊದಲನೆಯ ನಿಯಮ. ಆವರ್ತಗಳು ಬೇರೆಬೇರೆಯಾದರೆ ಇಂದು ಕೂಡಿದ್ದು ಮುಂದಿನ ಸುತ್ತಿನಲ್ಲಿ ತಪ್ಪುವುದು.

ಅ-ಯಿಂದ ಈ-ಕಡೆಗೆ ಹೋಗುವವರನ್ನು ಮಾತ್ರ ಗಣಿಸಿದರೆ ಉತ್ತರ ಸುಲಭ. ಅ-ಯ ಹಸುರು 0 ಸೆಕೆಂಡಿಗೆ ಆರಂಭವಾದರೆ ಆ-ಯ ಹಸುರು 30ಕ್ಕೆ, ಇ-ಯದು 70ಕ್ಕೆ, ಈ-ಯದು 120ಕ್ಕೆ ಆರಂಭವಾಗಲಿ. ಅ-ಯಲ್ಲಿ ಹಸುರಿನ 50 ಸೆಕೆಂಡುಗಳಲ್ಲಿ ಹೊರಟ ವಾಹನಗಳೆಲ್ಲವೂ ಎಲ್ಲಿಯೂ ನಿಲ್ಲದೆ ಕೊನೆಯವರೆಗೆ ಸಾಗುವುವು. ದೀಪಗಳು ಒಂದರ ಹಿಂದೊಂದು ಹಸುರಾಗುತ್ತ ವಾಹನಗಳ ಮುಂದೆ ಮುಂದೆ ಓಡುವಂತೆ ತೋರುವುದರಿಂದ ಇದನ್ನು ಹಸುರು ಅಲೆಯೆನ್ನುವರು. ನಕ್ಷೆಯ ಮೇಲೆ ಇದು 50 ಸೆಕೆಂಡು ಅಗಲದ ಓರೆಯಾದ ಪಟ್ಟಿಯಾಗಿ ಕಾಣುವುದು.

ಆದರೆ ರಸ್ತೆಗೆ ಎರಡು ದಿಕ್ಕುಗಳಿವೆಯಷ್ಟೆ. ಈ-ಯಿಂದ ಅ-ಕಡೆಗೆ ಬರುವವರ ಗತಿಯೇನು? 120ನೆಯ ಸೆಕೆಂಡಿಗೆ ಈ-ಯನ್ನು ಬಿಟ್ಟವನು 170ಕ್ಕೆ ಇ-ಯನ್ನು ಮುಟ್ಟುವನು. ಅಲ್ಲಿ ಹಸುರು ಆಗತಾನೆ ಬಂದಿರುವುದು. 210ಕ್ಕೆ ಆ-ಯನ್ನು ಮುಟ್ಟುವನು; ಅಲ್ಲಿ 230ರವರೆಗೂ ಕೆಂಪು. ಅವನ ಹಿಂದೆ ಬಂದು ಆ-ಯನ್ನು ನಿಲ್ಲದೆ ದಾಟಿದವರು 260ರಿಂದ 290ರ ಒಳಗೆ ಅ-ಯನ್ನು ಸೇರುವರು. ಅಲ್ಲಿ 250ಕ್ಕೆ ಬಿದ್ದ ಕೆಂಪು 300ರವರೆಗೆ ಏಳುವುದಿಲ್ಲ. ಎಂದರೆ ಒಬ್ಬನೇ ಒಬ್ಬನೂ ನಿಲ್ಲದೆ ಹಿಂದಿರುಗಲಾರನು! ಹೋಗುವವರಿಗೆ 50 ಸೆಕೆಂಡಿನ ಪಟ್ಟಿ ಕೊಟ್ಟೆವು. ಬರುವವರಿಗೆ ಉಳಿದದ್ದು ಸೊನ್ನೆ.

ಇನ್ನೊಂದು ಏರ್ಪಾಟನ್ನು ನೋಡೋಣ. ಅ, ಆ, ಈ ಮೂರೂ ಒಟ್ಟಿಗೆ ಹಸುರಾಗಲಿ. ಇ ಮಾತ್ರ ಅವುಗಳಿಗೆ ವಿರುದ್ಧವಾಗಿ, ಅರ್ಧ ಆವರ್ತ ತಡವಾಗಿ, 50ನೆಯ ಸೆಕೆಂಡಿಗೆ ಹಸುರಾಗಲಿ. ಈಗ ಅ-ಯನ್ನು ಮೊದಲ 20 ಸೆಕೆಂಡುಗಳಲ್ಲಿ ಬಿಟ್ಟವರು ನಿಲ್ಲದೆ ಈ-ಯನ್ನು ದಾಟುವರು. ಈ-ಯ ಹಸುರಿನ 10ರಿಂದ 30ನೆಯ ಸೆಕೆಂಡಿನೊಳಗೆ ಹೊರಟವರು ನಿಲ್ಲದೆ ಅ-ಯನ್ನು ದಾಟುವರು. ಎರಡು ಕಡೆಗೂ 20 ಸೆಕೆಂಡಿನ ಪಟ್ಟಿ ದೊರೆಯಿತು. ಮೊದಲಿನ ಏರ್ಪಾಟಿನಲ್ಲಿ ಎರಡು ದಿಕ್ಕಿನ ಮೊತ್ತ 50, ಇದರಲ್ಲಿ 40. ಮೊತ್ತ ಕಡಿಮೆಯಾಯಿತು, ಹಂಚಿಕೆ ಸಮನಾಯಿತು. ಬೆಳಿಗ್ಗೆ ಜನರೆಲ್ಲ ನಗರದ ಒಳಕ್ಕೆ ನುಗ್ಗುವಾಗ ಮೊದಲನೆಯದು, ಸಂಜೆ ಅದನ್ನೇ ತಿರುಗಿಸಿದ್ದು, ಮಧ್ಯಾಹ್ನ ಎರಡನೆಯದು ಎಂದು ದಿನದಲ್ಲಿ ಮೂರು ಏರ್ಪಾಟುಗಳನ್ನು ಇಟ್ಟುಕೊಳ್ಳುವುದು ಈ ಕಾರಣದಿಂದಲೇ.

ಸಿಗ್ನಲುಗಳ ನಡುವಣ ದೂರವೆಲ್ಲ 500 ಮೀಟರು ಆಗಿದ್ದಿದ್ದರೆ ಈ ತೊಡಕೇ ಬರುತ್ತಿರಲಿಲ್ಲ. ವಾಹನ ಒಂದರಿಂದ ಇನ್ನೊಂದನ್ನು ಸೇರಲು ಸರಿಯಾಗಿ ಅರ್ಧ ಆವರ್ತ ಹಿಡಿಯುತ್ತಿತ್ತು. ಒಂದನ್ನು ಬಿಟ್ಟು ಒಂದು ಹಸುರಾಗುವಂತೆ ಮಾಡಿದರೆ ಎರಡು ದಿಕ್ಕಿಗೂ ಪೂರ್ಣ 50 ಸೆಕೆಂಡಿನ ಪಟ್ಟಿ ಸಿಗುತ್ತಿತ್ತು. ಆದರೆ ನಮ್ಮ ಊರುಗಳ ಕೂಡುರಸ್ತೆಗಳು ಕೆರೆ, ಕೋಟೆ, ಸಂತೆಗಳ ಜಾಡಿನಲ್ಲಿ ಬೆಳೆದಂಥವು. ಅವು ಅಳತೆಗೋಲಿನ ಮಾತನ್ನು ಕೇಳುವುದಿಲ್ಲ.

ಗಣಕಯಂತ್ರವೇಕೆ?

ನಾಲ್ಕು ಸಿಗ್ನಲುಗಳ ಲೆಕ್ಕವನ್ನು ನಾವು ಕೈಯಲ್ಲಿಯೇ ಮಾಡಿದೆವು. ಆದರೆ ನಾವು ಕಂಡುಹಿಡಿದದ್ದೇ ಅತ್ಯುತ್ತಮವೆಂದು ಹೇಗೆ ತಿಳಿಯಬೇಕು? ಮೊದಲನೆಯ ಸಿಗ್ನಲನ್ನು ಸ್ಥಿರವಾಗಿಟ್ಟು, ಉಳಿದ ಮೂರರಲ್ಲಿ ಪ್ರತಿಯೊಂದರ ಹಸುರನ್ನೂ ನೂರು ಸೆಕೆಂಡುಗಳಲ್ಲಿ ಯಾವುದಾದರೊಂದರಲ್ಲಿ ಆರಂಭಿಸಬಹುದು. ಹೀಗೆ 10 ಲಕ್ಷ ಏರ್ಪಾಟುಗಳಾಗುವುವು. ಹತ್ತು ಸಿಗ್ನಲುಗಳಿದ್ದರೆ 1ರ ಮುಂದೆ 18 ಸೊನ್ನೆಗಳು! ಗಣಕಯಂತ್ರಕ್ಕೂ ಇಷ್ಟನ್ನು ಒಂದೊಂದಾಗಿ ಪರೀಕ್ಷಿಸುವುದು ದುಸ್ಸಾಧ್ಯ. 1964ರಲ್ಲಿ ಮಾರ್ಗನ್ ಮತ್ತು ಲಿಟಲ್ ಎಂಬ ಅಮೆರಿಕದ ಗಣಿತಜ್ಞರು ಇಲ್ಲಿ ಒಂದು ಸೊಗಸಾದ ದಾರಿಯನ್ನು ತೋರಿಸಿದರು. ಎರಡು ದಿಕ್ಕಿಗೂ ಸಮನಾದ ಪಟ್ಟಿ ಬೇಕಾದಲ್ಲಿ, ಹಸುರಿನ ನಡುಗಾಲಗಳು ಒಂದಕ್ಕೊಂದು ಕೂಡಿಬರುವ ಇಲ್ಲವೆ ಅರ್ಧ ಆವರ್ತ ಬೇರೆಯಾಗುವ ಏರ್ಪಾಟುಗಳನ್ನು ಮಾತ್ರ ನೋಡಿದರೆ ಸಾಕು. ಅತ್ಯಂತ ಅಗಲವಾದ ಪಟ್ಟಿ ಅವುಗಳಲ್ಲಿಯೇ ದೊರೆಯುವುದು. ಆಗ ಒಂದೊಂದು ಸಿಗ್ನಲಿಗೂ ಉಳಿಯುವುದು ಎರಡೇ ಆಯ್ಕೆ. ಹತ್ತು ಸಿಗ್ನಲುಗಳಿಗೆ 512 ಏರ್ಪಾಟುಗಳು. ಗಣಕಕ್ಕೆ ಕಣ್ಣು ಮಿಟುಕಿಸುವಷ್ಟರ ಕೆಲಸ.

ಇಂದಿನ ತಂತ್ರಾಂಶಗಳು ಈ ನಕ್ಷೆಯನ್ನು ಪರದೆಯ ಮೇಲೆ ಬರೆದು ತೋರಿಸುವುವು. ಎಂಜಿನಿಯರು ಒಂದು ಸಿಗ್ನಲಿನ ಪಟ್ಟೆಯನ್ನು ಹಿಡಿದು ಎಡಕ್ಕೋ ಬಲಕ್ಕೋ ಸರಿಸಿದೊಡನೆ ಹಸುರು ಪಟ್ಟಿ ಅಗಲವಾಗುವುದನ್ನೂ ಕಿರಿದಾಗುವುದನ್ನೂ ಕಣ್ಣಾರೆ ಕಾಣಬಹುದು. ಒಬ್ಬರು ವಾಹನದಲ್ಲಿ ಕುಳಿತು ರಸ್ತೆಯನ್ನು ಹಾದುಬಂದರೆ, ಉಪಗ್ರಹಗಳ ಸಹಾಯದಿಂದ ಸೆಕೆಂಡಿಗೊಮ್ಮೆ ಅವರ ಸ್ಥಾನವನ್ನು ಗುರುತಿಸಿದ ಗೆರೆಯನ್ನು ಅದೇ ನಕ್ಷೆಯ ಮೇಲೆ ಹಾಸಬಹುದು. ಎಲ್ಲೆಲ್ಲಿ ಗೆರೆ ಮಟ್ಟಸವಾಗಿದೆಯೋ ಅಲ್ಲೆಲ್ಲ ವಾಹನ ನಿಂತಿತೆಂದು ಅರ್ಥ. ಹಾಳೆಯ ಮೇಲಿನ ಯೋಜನೆಗೂ ರಸ್ತೆಯ ಮೇಲಿನ ನಿಜಕ್ಕೂ ಇರುವ ಅಂತರ ಹೀಗೆ ಬಯಲಾಗುವುದು.

ಈ ಅಂತರಕ್ಕೆ ಕಾರಣಗಳು ಹಲವು. ಮೊದಲನೆಯದು ಗಡಿಯಾರ. ನಮ್ಮ ಎರಡನೆಯ ಏರ್ಪಾಟಿನಲ್ಲಿ ಆ-ಯ ಗಡಿಯಾರ 20 ಸೆಕೆಂಡು ಹಿಂದೆ ಬಿದ್ದಿತೆನ್ನಿ. ಅ-ಕಡೆಗೆ ಬರುವವರ ಪಟ್ಟಿ ಪೂರ್ತಿಯಾಗಿ ಮಾಯವಾಗುವುದು. ಆದುದರಿಂದಲೇ ಸಿಗ್ನಲ್ ಪೆಟ್ಟಿಗೆಗಳ ಕಾಲವನ್ನು ಉಪಗ್ರಹದಿಂದಲೋ ಜಾಲಸಂಪರ್ಕದಿಂದಲೋ ಆಗಿಂದಾಗ್ಗೆ ಸರಿಪಡಿಸುವರು. ಎರಡನೆಯದು, ಅಡ್ಡರಸ್ತೆಗಳಿಂದ ತಿರುಗಿ ಬಂದು ಮುಂದಿನ ಕೆಂಪಿನಲ್ಲಿ ನಿಂತ ವಾಹನಗಳು. ಹಸುರಾದ ಮೇಲೆ ಒಂದು ಸಾಲಿನಿಂದ ಸುಮಾರು ಎರಡು ಸೆಕೆಂಡಿಗೊಂದರಂತೆ ಕಾರುಗಳು ಹೊರಡುವುವು. ಐದು ಕಾರು ನಿಂತಿದ್ದರೆ ಅಲೆ ಬರುವುದಕ್ಕೆ 10 ಸೆಕೆಂಡು ಮೊದಲೇ ಹಸುರು ಕೊಟ್ಟು ಅವುಗಳನ್ನು ಕಳಿಸಬೇಕು. ಇಲ್ಲದಿದ್ದರೆ ಅಲೆಯು ಅವುಗಳ ಬೆನ್ನಿಗೆ ಬಂದು ಒಡೆಯುವುದು. ಮೂರನೆಯದು, ವೇಗದ ವ್ಯತ್ಯಾಸ. ದ್ವಿಚಕ್ರವಾಹನ ಮುಂದೋಡುವುದು, ಆಟೋ ಹಿಂದೆ ಬೀಳುವುದು. ಒಟ್ಟಿಗೆ ಹೊರಟ ತಂಡ ದೂರ ಹೋದಂತೆಲ್ಲ ಚೆದುರುವುದು. ಇದನ್ನೆಲ್ಲ ಗಣನೆಗೆ ತೆಗೆದುಕೊಂಡು, ಪಟ್ಟಿಯ ಅಗಲಕ್ಕೆ ಬದಲಾಗಿ ವಾಹನಗಳ ಒಟ್ಟು ತಡ ಹಾಗೂ ನಿಲುಗಡೆಗಳನ್ನು ಕಡಿಮೆಮಾಡುವ ಟ್ರಾನ್ಸಿಟ್ ಎಂಬ ತಂತ್ರಾಂಶವನ್ನು ಬ್ರಿಟನ್ನಿನ ರಾಬರ್ಟ್‌ಸನ್ 1960ರ ದಶಕದ ಕೊನೆಯಲ್ಲಿ ರಚಿಸಿದರು.

ಬೆಂಗಳೂರಿನಲ್ಲಿ

ಸ್ಥಿರವಾದ ಏರ್ಪಾಟು ಮದುವೆ, ಮಳೆ, ಜಾತ್ರೆಗಳನ್ನು ಅರಿಯದು. ಆದುದರಿಂದ ರಸ್ತೆಯಲ್ಲಿ ಬರುವ ವಾಹನಗಳನ್ನು ಎಣಿಸಿ ತನ್ನ ಕಾಲವನ್ನು ತಾನೇ ಬದಲಿಸಿಕೊಳ್ಳುವ ವ್ಯವಸ್ಥೆಗಳು ಹುಟ್ಟಿದುವು. ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ಎಂಬುವು 1970ರ ದಶಕದವು. ನಮ್ಮ ದೇಶದ ಮಿಶ್ರ ಸಂಚಾರಕ್ಕೆ ಒಪ್ಪುವಂತೆ ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆ ಕೋಸಿಕಾಸ್ಟ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದೆ. ಬೆಂಗಳೂರಿನ 165 ಕೂಡುರಸ್ತೆಗಳಿಗೆಂದು ಯೋಜಿಸಿ 2024ರಲ್ಲಿ ಕಾರ್ಯಾರಂಭ ಮಾಡಿದ ವ್ಯವಸ್ಥೆಯಲ್ಲಿ ಇದನ್ನೇ ಬಳಸಲಾಯಿತು. ಕ್ಯಾಮೆರಾಗಳು ಬರುವ ವಾಹನಗಳನ್ನು ಕಾಣುವುವು. ಯಂತ್ರವು ಹಸುರನ್ನು ಹಿಗ್ಗಿಸುವುದು, ಕುಗ್ಗಿಸುವುದು. ಮೊಬೈಲ್ ಫೋನುಗಳಿಂದ ದೊರೆಯುವ ಸಂಚಾರದ ಮಾಹಿತಿಯ ಆಧಾರದಿಂದ ಸಿಗ್ನಲ್ ಕಾಲಗಳಿಗೆ ಸಲಹೆ ಕೊಡುವ ಗೂಗಲ್ ಸಂಸ್ಥೆಯ ಯೋಜನೆಯು 2023ರಲ್ಲಿ ಹೆಸರಿಸಿದ ನಗರಗಳ ಪಟ್ಟಿಯಲ್ಲಿಯೂ ಬೆಂಗಳೂರು ಸೇರಿತ್ತು.

ಹಾಗಾದರೆ ಕೆಂಪು ದೀಪದ ಕಾಟ ತೀರಿತೆ? ತೀರಲಾರದು. ಏಕೆಂದರೆ ಸಂಕೇತದೀಪವು ಕಾಲವನ್ನು ಹಂಚಬಲ್ಲದೇ ಹೊರತು ಸೃಷ್ಟಿಸಲಾರದು. 1958ರಲ್ಲಿ ಬ್ರಿಟನ್ನಿನ ವೆಬ್‌ಸ್ಟರ್ ಕೊಟ್ಟ ಸೂತ್ರವೊಂದು ಇದನ್ನು ಚೆನ್ನಾಗಿ ತಿಳಿಸುವುದು. ಪ್ರತಿ ಆವರ್ತದಲ್ಲಿಯೂ ದೀಪ ಬದಲಾಗುವಾಗ ಕೆಲವು ಸೆಕೆಂಡು ಯಾರಿಗೂ ಉಪಯೋಗವಾಗದೆ ನಷ್ಟವಾಗುವುದು. ಈ ನಷ್ಟವನ್ನು ಒಂದೂವರೆಯಿಂದ ಗುಣಿಸಿ 5ನ್ನು ಕೂಡಿಸಿ. ಕೂಡುರಸ್ತೆಯ ಶಕ್ತಿಯಲ್ಲಿ ಬಳಕೆಯಾಗದೆ ಉಳಿದಿರುವ ಭಾಗದಿಂದ ಅದನ್ನು ಭಾಗಿಸಿ. ತಡವನ್ನು ಅತಿ ಕಡಿಮೆಮಾಡುವ ಆವರ್ತ ದೊರೆಯುವುದು. ನಷ್ಟ 10 ಸೆಕೆಂಡೆನ್ನೋಣ. ಶಕ್ತಿಯ ಹತ್ತರಲ್ಲಿ ಆರು ಪಾಲು ಬಳಕೆಯಾಗಿದ್ದರೆ ಆವರ್ತ 50 ಸೆಕೆಂಡು, ಎಂಟು ಪಾಲಾದರೆ 100, ಒಂಬತ್ತಾದರೆ 200. ಪೂರ್ತಿ ತುಂಬಿದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುವುದು, ಎಂದರೆ ಸೂತ್ರವೇ ಕೈಚೆಲ್ಲುವುದು. ಈ-ಯಲ್ಲಿ ನಿಂತ ವಾಹನಗಳ ಬಾಲ ಇ-ಯವರೆಗೆ ಬೆಳೆದಿದ್ದರೆ ಇ-ಯಲ್ಲಿ ಎಷ್ಟು ಹಸುರು ಕೊಟ್ಟರೂ ಹೋಗಲು ಜಾಗವೆಲ್ಲಿದೆ?

ಯಾರ ಕಾಲ?

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಹನವಾದುದು. ನಮ್ಮ ನಾಲ್ಕು ಕೂಡುರಸ್ತೆಗಳ ಆವರ್ತವನ್ನು 100ರಿಂದ 120ಕ್ಕೆ ಏರಿಸಿ, ಅರ್ಧವನ್ನು ಮುಖ್ಯ ರಸ್ತೆಗೆ ಕೊಟ್ಟು ಹಿಂದಿನಂತೆಯೇ ಇ-ಯನ್ನು ಅರ್ಧ ಆವರ್ತ ಹಿಂದಿಡೋಣ. ಲೆಕ್ಕ ಹಾಕಿದರೆ ಎರಡು ದಿಕ್ಕಿಗೂ ಪಟ್ಟಿ 20ರಿಂದ 30 ಸೆಕೆಂಡಿಗೆ ಏರುವುದು. ಗಂಟೆಯಲ್ಲಿ ಆವರ್ತಗಳ ಸಂಖ್ಯೆ 36ರಿಂದ 30ಕ್ಕೆ ಇಳಿದರೂ, ನಿಲ್ಲದೆ ಹೋಗಲು ದೊರೆಯುವ ಕಾಲ 720 ಸೆಕೆಂಡಿನಿಂದ 900ಕ್ಕೆ ಹೆಚ್ಚುವುದು. ಪರದೆಯ ಮೇಲೆ ಇದು ನಿಸ್ಸಂದೇಹವಾದ ಲಾಭ. ಆದರೆ ಅಡ್ಡರಸ್ತೆಯ ಅಂಚಿನಲ್ಲಿ ನಿಂತವನ ಕಾಯುವಿಕೆ 50ರಿಂದ 60 ಸೆಕೆಂಡಿಗೆ ಏರಿತು. ಅವನ ಗೆರೆ ನಮ್ಮ ನಕ್ಷೆಯಲ್ಲಿ ಇಲ್ಲವೇ ಇಲ್ಲ!

ರಸ್ತೆಯನ್ನು ದಾಟುವ ಪಾದಚಾರಿಯೂ ಅದರಲ್ಲಿ ಕಾಣುವುದಿಲ್ಲ. 18 ಮೀಟರು ಅಗಲದ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರಿನಂತೆ ನಡೆಯುವವನು 15 ಸೆಕೆಂಡಿನಲ್ಲಿ ದಾಟುವನು. ಸೆಕೆಂಡಿಗೆ 0.8 ಮೀಟರು ಮಾತ್ರ ನಡೆಯಬಲ್ಲ ವೃದ್ಧೆಗೆ ಇಪ್ಪತ್ತೆರಡೂವರೆ ಸೆಕೆಂಡು ಬೇಕು. ಹಸುರು ಪಟ್ಟಿಯನ್ನು ಅಗಲಗೊಳಿಸುವ ಉತ್ಸಾಹದಲ್ಲಿ ಆ ಏಳೂವರೆ ಸೆಕೆಂಡನ್ನು ಕಿತ್ತುಕೊಂಡರೆ ಆಕೆ ನಡುರಸ್ತೆಯಲ್ಲಿ ನಿಲ್ಲಬೇಕಾಗುವುದು.

ಇನ್ನು ಯಡಿಯೂರಿನಿಂದ ಬಂದ ನಮ್ಮ ಬಸ್ಸು. ಅದು ಎರಡು ಸಿಗ್ನಲುಗಳ ನಡುವೆ ಜನರನ್ನು ಇಳಿಸಲು 20 ಸೆಕೆಂಡು ನಿಂತರೆ ಸಾಕು, 20 ಸೆಕೆಂಡಿನ ಪಟ್ಟಿಯಿಂದ ಹೊರಬೀಳುವುದು. ಕಾರುಗಳಿಗಾಗಿ ಹೊಂದಿಸಿದ ಅಲೆ ಬಸ್ಸಿಗೆ ಕೆಂಪು ದೀಪಗಳ ಸಾಲಾಗಿ ಪರಿಣಮಿಸುವುದು. ಎಣಿಸುವ ಯಂತ್ರವು ಬಸ್ಸನ್ನು ಅದು ಹಿಡಿಯುವ ಜಾಗಕ್ಕೆ ತಕ್ಕಂತೆ ಕೆಲವು ಕಾರುಗಳಿಗೆ ಸಮವೆಂದು ತಿಳಿಯುವುದು. ಒಳಗೆ ಕುಳಿತ ಐವತ್ತು ಜನರನ್ನು ಅದು ತಾನಾಗಿ ಎಣಿಸದು. ವಾಹನಗಳ ತಡವನ್ನು ಕಡಿಮೆಮಾಡೆಂದರೆ ತಂತ್ರಾಂಶ ಒಂದು ಉತ್ತರವನ್ನು ಕೊಡುವುದು; ಮನುಷ್ಯರ ತಡವನ್ನು ಕಡಿಮೆಮಾಡೆಂದರೆ ಬೇರೊಂದನ್ನು ಕೊಡುವುದು. ಎರಡೂ ಲೆಕ್ಕಗಳು ಸರಿಯೇ. ಯಾವುದನ್ನು ಕೇಳಬೇಕೆಂಬುದನ್ನು ನಾವೇ ತೀರ್ಮಾನಿಸಬೇಕು. ಬಸ್ಸು ಬರುವುದನ್ನು ಗುರುತಿಸಿ ಹಸುರನ್ನು ಕೆಲವು ಸೆಕೆಂಡು ಹಿಗ್ಗಿಸುವ ಏರ್ಪಾಟುಗಳು ಪ್ರಪಂಚದ ಅನೇಕ ನಗರಗಳಲ್ಲಿವೆ. ಅಂಬುಲೆನ್ಸಿಗೂ ಹಾಗೆಯೇ ದಾರಿ ಬಿಡಿಸಬಹುದು.

ಮುಂದಿನ ಬಾರಿ ವಾಚಕರು ಬಸ್ಸಿನಲ್ಲಿ ನಗರವನ್ನು ಪ್ರವೇಶಿಸುವಾಗ ಗಡಿಯಾರವನ್ನು ಕೈಯಲ್ಲಿ ಹಿಡಿದು, ಪ್ರತಿಯೊಂದು ಸಿಗ್ನಲನ್ನು ಮುಟ್ಟಿದ ಮತ್ತು ಬಿಟ್ಟ ಹೊತ್ತನ್ನು ಬರೆದುಕೊಳ್ಳಲಿ. ಮನೆಗೆ ಬಂದು ಚೌಕುಳಿ ಹಾಳೆಯ ಮೇಲೆ ಕಾಲವನ್ನು ಉದ್ದಕ್ಕೂ ದೂರವನ್ನು ಎತ್ತರಕ್ಕೂ ಹಿಡಿದು ಗೆರೆಯೆಳೆಯಲಿ. ಮಟ್ಟಸವಾದ ತುಂಡುಗಳನ್ನು ಕೂಡಿಸಿದರೆ ಎಷ್ಟು ಕಾಲ ನಿಂತೆವೆಂಬುದು ತಿಳಿಯುವುದು. ನಾಲ್ಕಾರು ದಿನಗಳ ಗೆರೆಗಳನ್ನು ಒಂದರ ಪಕ್ಕಕ್ಕೊಂದು ಇಟ್ಟು ನೋಡಿದರೆ, ಪ್ರತಿದಿನವೂ ಒಂದೇ ಜಾಗದಲ್ಲಿ ಮಟ್ಟಸವಾಗುವ ಗೆರೆ ಏರ್ಪಾಟಿನ ದೋಷವನ್ನೂ, ದಿನಕ್ಕೊಂದು ಕಡೆ ಮಟ್ಟಸವಾಗುವ ಗೆರೆ ವಾಹನಗಳ ಏರಿಳಿತವನ್ನೂ ಸೂಚಿಸುವುದು. ದೂರು ಕೊಡಲು ಹೋಗುವವನ ಕೈಯಲ್ಲಿ ಇಂಥ ಒಂದು ಹಾಳೆಯಿದ್ದರೆ ಅವನ ಮಾತಿಗೆ ಬೆಲೆ ಹೆಚ್ಚುವುದರಲ್ಲಿ ಸಂದೇಹವಿಲ್ಲ.